ಒಂದು ಎಕರೆ 27 ಗುಂಟೆಯಲ್ಲಿ 796 ಸಲ

796! ಬ್ರಯಾನ್ ಬೆವನ್ ಎಂಬ ಸಣಕಲು ಮೈಯ, ಬೋಳುತಲೆಯ ಆಸ್ಟ್ರೇಲಿಯನ್ನನೊಬ್ಬ ರಗ್ಬಿ ಲೀಗ್ ಆಟದಲ್ಲಿ ಗಳಿಸಿದ ಟ್ರೈಗಳ ಸಂಖ್ಯೆ ಇದು. ಅದಕ್ಕೆ ಅವನು ತೆಗೆದುಕೊಂಡದ್ದು 688 ಪಂದ್ಯ. ಮೈದಾನಕ್ಕೆ ಇಳಿದಾಗಲೆಲ್ಲ ಒಂದೊಂದು ಟ್ರೈ, ಅದು ಸಾಲದೆಂದು ಮೇಲೆ ಕೊಸರಾಗಿ ಇನ್ನೂ 108. ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡಿ, ಎದುರಾಳಿಯ ಗೆರೆ ದಾಟಿ, ನೆಲಕ್ಕೆ ಮುಟ್ಟಿಸಿದರೆ ಒಂದು ಟ್ರೈ. ಕೆಲಸ ಇಷ್ಟೇ. ದಾರಿಯಲ್ಲಿ 13 ಮಂದಿ ಅಡ್ಡ ನಿಂತಿರುತ್ತಾರೆ, ಅಷ್ಟೂ ಮಂದಿಗೆ ನಿಮ್ಮನ್ನು ಹಿಡಿದು ಕೆಡವುವುದೇ ಉದ್ಯೋಗ.

ಕ್ರಿಕೆಟ್ಟಿನ ಲೆಕ್ಕದಲ್ಲೇ ಬೆಳೆದ ನಮಗೆ ಇದು ಚಟ್ಟನೆ ಹೊಳೆಯಲಿಕ್ಕಿಲ್ಲ. ಸಚಿನ್ ತೆಂಡೂಲ್ಕರ್ 24 ವರ್ಷಗಳಲ್ಲಿ ಆಡಿದ ಅಂತರರಾಷ್ಟ್ರೀಯ ಪಂದ್ಯಗಳು ಒಟ್ಟು 664. ಬೆವನ್ ಅದಕ್ಕಿಂತ 24 ಪಂದ್ಯ ಹೆಚ್ಚು ಆಡಿದ, ಅದೂ ಸುಮಾರು 18 ವರ್ಷಗಳಲ್ಲಿ. ನಮ್ಮ ಅನಿಲ್ ಕುಂಬ್ಳೆ 18 ವರ್ಷ ಬೆವರು ಸುರಿಸಿ 619 ಟೆಸ್ಟ್ ವಿಕೆಟ್ ಪಡೆದರು. ಬೆವನ್ ವಾರಿಂಗ್ಟನ್ ಎಂಬ ಒಂದೇ ಊರಿನ ತಂಡಕ್ಕೆ 620 ಪಂದ್ಯ ಆಡಿದ, 740 ಟ್ರೈ ಮಾಡಿದ. ಕುಂಬ್ಳೆಯವರ ಒಂದೊಂದು ವಿಕೆಟ್ಟಿಗೂ ಅವನದೊಂದು ಟ್ರೈ ಇಡುತ್ತಾ ಹೋದರೆ, ವಿಕೆಟ್ಟುಗಳೆಲ್ಲ ಮುಗಿದ ಮೇಲೂ 121 ಟ್ರೈ ಉಳಿಯುತ್ತವೆ. ಒಬ್ಬ ಒಳ್ಳೆಯ ಆಟಗಾರನ ಇಡೀ ವೃತ್ತಿಜೀವನಕ್ಕೆ ಆ 121 ಸಾಕು.

ಇದೆಲ್ಲ ನಡೆಯುವ ಜಾಗ ಎಷ್ಟು ದೊಡ್ಡದು? ಗೆರೆಯಿಂದ ಗೆರೆಗೆ 100 ಮೀಟರ್ ಉದ್ದ, 68 ಮೀಟರ್ ಅಗಲ. ಗುಣಿಸಿದರೆ 6,800 ಚದರ ಮೀಟರ್. ಪಹಣಿಯಲ್ಲಿ ಬರೆಯುವುದಾದರೆ 1 ಎಕರೆ 27 ಗುಂಟೆ. ತಂಡದ 13 ಮಂದಿಗೆ ಈ ನೆಲವನ್ನು ಸಮಪಾಲು ಮಾಡಿದರೆ ತಲೆಗೆ 523 ಚದರ ಮೀಟರ್, ಎಂದರೆ ಮೂವತ್ತು-ನಲವತ್ತರ ಸೈಟು ನಾಲ್ಕೂವರೆಗೂ ಹೆಚ್ಚು. ಅಷ್ಟನ್ನು ಒಬ್ಬನೇ ಕಾಯಬೇಕು, ಬೇಲಿ ಇಲ್ಲದೆ, 80 ನಿಮಿಷ. ಅದರಲ್ಲೂ 2 ಮತ್ತು 5ನೇ ನಂಬರಿನ ಅಂಗಿ ತೊಟ್ಟವರಿಗೆ, ಅಂದರೆ ವಿಂಗರ್‌ಗಳಿಗೆ, ಸಿಗುವುದು ಅಂಚಿನ ಸೈಟು. ಒಂದು ಪಕ್ಕ ಎದುರಾಳಿ, ಇನ್ನೊಂದು ಪಕ್ಕ ಸುಣ್ಣದ ಗೆರೆ. ಪಾದ ಆ ಗೆರೆಯನ್ನು ಮುಟ್ಟಿತೋ, ಓಡಿದ್ದೆಲ್ಲ ನೀರಿನಲ್ಲಿ ಹೋಮ.

ಆಟದ ತವರೂ ಇಂಥದೇ ಸಣ್ಣ ಪಟ್ಟಿ. 1895ರ ಆಗಸ್ಟ್ 29ರಂದು ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಕ್ಲಬ್ಬುಗಳ ಪ್ರತಿನಿಧಿಗಳು ಕೂತು, ಹಳೆಯ ರಗ್ಬಿ ಸಂಘವನ್ನು ಬಿಟ್ಟು ಬೇರೆ ಒಲೆ ಹೂಡಿದರು. ಜಗಳ ಯಾವುದಕ್ಕೆ? ಶನಿವಾರ ಗಿರಣಿ, ಗಣಿ ಬಿಟ್ಟು ಆಡಲು ಬಂದ ಕೂಲಿಯವನಿಗೆ ತಪ್ಪಿದ ಸಂಬಳ ಕಟ್ಟಿಕೊಡುವ ಬಗ್ಗೆ. ಹೊಸ ಸಂಘ ಗೊತ್ತುಮಾಡಿದ ಮೊತ್ತ ದಿನಕ್ಕೆ 6 ಶಿಲಿಂಗ್. ಇಂದಿಗೂ ಅದರ ಹಳೆಯ ಊರುಗಳಲ್ಲಿ ಬಹುಪಾಲು ಇರುವುದು ಎಂ62 ಹೆದ್ದಾರಿಯ ಆಚೀಚೆ. ಆ ಹೆದ್ದಾರಿಯ ಉದ್ದ 172 ಕಿಲೋಮೀಟರ್, ಬೆಂಗಳೂರಿನಿಂದ ಮೈಸೂರು ದಾಟಿ ನಂಜನಗೂಡು ಮುಟ್ಟುವಷ್ಟು. ಇಷ್ಟಗಲದ ಕರಾವಳಿಯೋ ಮಲೆನಾಡೋ ನಮ್ಮಲ್ಲಿ ತನ್ನದೇ ಒಂದು ಆಟಕ್ಕೆ ಪ್ರಾಣ ಕೊಡುವುದಿಲ್ಲವೇ, ಹಾಗೆಯೇ ಇದು.

ಈಗ ಲೆಕ್ಕಕ್ಕೆ ಬರೋಣ. ಮೊದಲು ಒಂದೇ ಒಂದು ಪಂದ್ಯ. 1905ರ ಮಾರ್ಚ್ 4. ಹಲ್ ಕಿಂಗ್‌ಸ್ಟನ್ ರೋವರ್ಸ್ ತಂಡದ ಜಾರ್ಜ್ ವೆಸ್ಟ್ ಎಂಬಾತ ಚಾಲೆಂಜ್ ಕಪ್ ಪಂದ್ಯದಲ್ಲಿ ಬ್ರೂಕ್‌ಲ್ಯಾಂಡ್ ರೋವರ್ಸ್ ಎಂಬ ಹವ್ಯಾಸಿ ತಂಡದ ಎದುರು 11 ಟ್ರೈ ಮಾಡಿದ. ಏಳೂಕಾಲು ನಿಮಿಷಕ್ಕೊಂದು. ಅದರ ಜೊತೆಗೆ 10 ಗೋಲು ಒದ್ದ. ಆಗ ಟ್ರೈಗೆ 3 ಅಂಕ, ಗೋಲಿಗೆ 2. ಕೂಡಿಸಿದರೆ ಒಬ್ಬನದೇ 53. ಆಗ ತಂಡಕ್ಕೆ ಹದಿನೈದು ಮಂದಿ, ಎದುರು ತಂಡದ ಅಷ್ಟೂ ಮಂದಿ ಸೇರಿ ಗಳಿಸಿದ್ದು 5. ಇದಾಗಿ 120 ವರ್ಷ ಕಳೆದಿವೆ, ಎರಡು ಮಹಾಯುದ್ಧ ಮುಗಿದಿವೆ, ಮನುಷ್ಯ ಚಂದ್ರನ ಮೇಲೆ ಅಡ್ಡಾಡಿ ಬಂದಿದ್ದಾನೆ, ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳ ಆಟದಲ್ಲಿ ಆ ಹನ್ನೊಂದನ್ನು ದಾಟಿದವರಿಲ್ಲ. 1951ರಲ್ಲಿ ಕೀತ್ಲಿ ತಂಡದ ಮೇಲೆ ಲಯನಲ್ ಕೂಪರ್ 10ಕ್ಕೆ ಬಂದು ನಿಂತ. 1992ರ ಮೇ ತಿಂಗಳಲ್ಲಿ ವಿಗನ್ ತಂಡದ ಮಾರ್ಟಿನ್ ಒಫಾಯಾ ಲೀಡ್ಸ್ ಮೇಲೆ 10 ಮಾಡಿದರು. ಲೀಡ್ಸ್ ಏನೂ ಹವ್ಯಾಸಿ ತಂಡವಲ್ಲ, ಅದು ಪ್ರೀಮಿಯರ್‌ಶಿಪ್ ಸೆಮಿಫೈನಲ್! ಕೋಟ್ಲಾದಲ್ಲಿ ಕುಂಬ್ಳೆ 74 ರನ್ನಿಗೆ 10 ವಿಕೆಟ್ ಉರುಳಿಸಿದ ದಿನ ನಾವು ಹೇಗೆ ಕುಣಿದಿದ್ದೆವೋ, ವಿಗನ್ ಊರಿಗೆ ಆ ದಿನ ಹಾಗೆ.

ಒಂದು ಪಂದ್ಯ ಬಿಡಿ, ಒಂದು ಋತು ನೋಡಿ. ಸಿಡ್ನಿಯಿಂದ ಬಂದು ಹಡರ್ಸ್‌ಫೀಲ್ಡ್ ಸೇರಿದ ಆಲ್ಬರ್ಟ್ ರೋಸನ್‌ಫೆಲ್ಡ್ 1911–12ರಲ್ಲಿ 78 ಟ್ರೈ ಮಾಡಿದ. ಇದನ್ನು ಮುರಿಯುವವರು ಯಾರು ಎಂದು ಜನ ಕೇಳುತ್ತಿದ್ದಂತೆ 1913–14ರಲ್ಲಿ ತಾನೇ ಮುರಿದ: 42 ಪಂದ್ಯ, 80 ಟ್ರೈ. ಹೆಚ್ಚುಕಡಿಮೆ ಪಂದ್ಯಕ್ಕೆರಡು. ಲಯೊನೆಲ್ ಮೆಸ್ಸಿ 2012ರ ಇಡೀ ಕ್ಯಾಲೆಂಡರ್ ವರ್ಷದಲ್ಲಿ 69 ಪಂದ್ಯ ಆಡಿ 91 ಗೋಲು ಹೊಡೆದಾಗ ಜಗತ್ತೇ ಬಾಯಿ ಬಿಟ್ಟುಕೊಂಡು ನೋಡಿತು. ರೋಸನ್‌ಫೆಲ್ಡನ ವೇಗದಲ್ಲಿ ಮೆಸ್ಸಿ ಹೊಡೆದಿದ್ದರೆ ಆ 69 ಪಂದ್ಯಗಳಲ್ಲಿ 131 ಆಗಬೇಕಿತ್ತು. ಆ 80ರ ದಾಖಲೆ ನಿಂತಿದ್ದು ಮೊದಲ ಮಹಾಯುದ್ಧ ಸಿಡಿಯುವುದಕ್ಕೆ ಕೆಲವೇ ತಿಂಗಳ ಮುಂಚೆ. ಇನ್ನೂ ಅಲ್ಲೇ ನಿಂತಿದೆ.

ಇವರೆಲ್ಲ ಎಷ್ಟು ಜೋರು ಓಡುತ್ತಿದ್ದರು? ಹಳಬರನ್ನು ಅಳೆದವರಿಲ್ಲ. ಆದರೆ ಆಸ್ಟ್ರೇಲಿಯಾದ ಕೆನ್ ಇರ್ವಿನ್ ಎಂಬ ವಿಂಗರನ ಲೆಕ್ಕ ಸಿಗುತ್ತದೆ. 1963ರಲ್ಲಿ ಡಬ್ಬೊ ಊರಿನಲ್ಲಿ ಅವನು 100 ಗಜ, ಅಂದರೆ 91.44 ಮೀಟರನ್ನು, 9.3 ಸೆಕೆಂಡಿನಲ್ಲಿ ಓಡಿದ. ಗಂಟೆಗೆ 35.4 ಕಿಲೋಮೀಟರ್ ಆಯಿತು. ಬೆಂಗಳೂರಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕಾರಿನಲ್ಲಿ ಹೊರಟವರು ಕನಸಿನಲ್ಲೂ ಕಾಣದ ವೇಗ. ಅವನ ಓಟ ಸೆಕೆಂಡಿಗೆ 9.83 ಮೀಟರ್. 2020ರಲ್ಲಿ ನಮ್ಮ ಕಂಬಳದ ಶ್ರೀನಿವಾಸ ಗೌಡರು 142.5 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ದಾಟಿದ್ದು ನೆನಪಿದೆಯಲ್ಲ? ಅದು ಸೆಕೆಂಡಿಗೆ 10.46 ಮೀಟರ್. ಗೆದ್ದದ್ದು ನಮ್ಮವರೇ. ಆದರೆ ಗೌಡರ ಮುಂದೆ ಎರಡು ಕೋಣಗಳು ಎಳೆಯುತ್ತಿದ್ದವು ಎನ್ನುವುದನ್ನೂ ಹೇಳಬೇಕು. ಇರ್ವಿನ್ 236 ಪಂದ್ಯಗಳಲ್ಲಿ 212 ಟ್ರೈ ಮಾಡಿ 1973ರಲ್ಲಿ ನಿಲ್ಲಿಸಿದ. ಆ 212, ಬೆವನ್ನನ ಲೆಕ್ಕದ ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಮೇಲೆ.

ಆಯಿತು, ಬೆವನ್ನನ ಹತ್ತಿರವೇ ಹೋಗೋಣ. ನೋಡಿದರೆ ಯಾರೂ ನಂಬುವ ಆಳಲ್ಲ. ತೆಳ್ಳನೆಯ ಕಾಲು, ಎರಡೂ ಮಂಡಿಗೆ ಸುತ್ತಿದ ದಪ್ಪ ಬ್ಯಾಂಡೇಜು, ಇಪ್ಪತ್ತರ ಆಸುಪಾಸಿಗೇ ಉದುರುತ್ತಿದ್ದ ಕೂದಲು, ಮುಂದಿನ ಹಲ್ಲು ನಾಪತ್ತೆ. ಹುಟ್ಟಿದ್ದು 1924ರಲ್ಲಿ ಸಿಡ್ನಿಯಲ್ಲಿ. ಯುದ್ಧಕಾಲದಲ್ಲಿ ಎಚ್‌ಎಂಎಎಸ್ ಆಸ್ಟ್ರೇಲಿಯಾ ಎಂಬ ಯುದ್ಧನೌಕೆಯಲ್ಲಿ ಬಾಯ್ಲರಿಗೆ ಬೆಂಕಿ ಉಣಿಸುವ ಕೆಲಸ. 1945ರಲ್ಲಿ ಹಡಗು ರಿಪೇರಿಗೆಂದು ಇಂಗ್ಲೆಂಡಿಗೆ ಬಂತು. ಬಿಡುವಿನಲ್ಲಿ ಈತ ಲೀಡ್ಸ್ ಕ್ಲಬ್ಬಿನ ಬಾಗಿಲು ತಟ್ಟಿದ. ಮೇಲಿಂದ ಕೆಳಗೆ ನೋಡಿ ಬೇಡವೆಂದರು. ಹನ್ಸ್‌ಲೆಟ್ ಕ್ಲಬ್ಬಿಗೂ ಬೇಡವಾಯಿತು. ವಾರಿಂಗ್ಟನ್ ಒಂದು ಪಂದ್ಯ ಆಡಿಸಿ ನೋಡಿತು. ಬೇಡವೆಂದ ಎರಡು ಕ್ಲಬ್ಬುಗಳು ಅಂದು ಬಿಟ್ಟುಕೊಟ್ಟದ್ದು 740 ಟ್ರೈ, ಒಂದಕ್ಕೆ 3ರಂತೆ 2,220 ಅಂಕ!

ಆ ಒಂದು ಪಂದ್ಯ ಆಡಿದವನೇ ನೌಕಾಪಡೆಯಿಂದ ಬಿಡುಗಡೆ ಪಡೆಯಲು ಮತ್ತೆ ಆಸ್ಟ್ರೇಲಿಯಾಕ್ಕೆ ಹೋಗಬೇಕಾಯಿತು. ಬಿಡುಗಡೆ ಸಿಕ್ಕ ಮೇಲೆ ಮತ್ತೆ ಇಂಗ್ಲೆಂಡಿಗೆ. ಹಡಗಿನ ದಾರಿ ಯಾವುದಾದರೂ ಇರಲಿ, ಸಿಡ್ನಿಗೂ ಇಂಗ್ಲೆಂಡಿಗೂ 20,000 ಕಿಲೋಮೀಟರಿಗೆ ಕಡಿಮೆಯಿಲ್ಲ. ಬಂದದ್ದು, ಹೋದದ್ದು, ಮತ್ತೆ ಬಂದದ್ದು: 60,000. ಭೂಮಿಯ ಸುತ್ತಳತೆ 40,075. ಒಬ್ಬ ಅಂಚಿನ ಆಟಗಾರ ತನ್ನ ಕ್ಲಬ್ಬಿಗೆ ಎರಡನೇ ಪಂದ್ಯ ಆಡುವುದಕ್ಕೆ ಮುಂಚೆ ಭೂಮಿಗೆ ಒಂದೂವರೆ ಪ್ರದಕ್ಷಿಣೆ ಹಾಕಿದ್ದ. ದಣಿವಾಯಿತೇ? ಮೊದಲ ಪೂರ್ಣ ಋತುವಿನಲ್ಲಿ 48 ಟ್ರೈ ಮಾಡಿ ಇಡೀ ಲೀಗಿನ ಪಟ್ಟಿಯ ನೆತ್ತಿಯ ಮೇಲೆ ಕೂತ. ಅಂಥ ಪಟ್ಟಿಯಲ್ಲಿ ಐದು ಋತು ಮೊದಲಿಗನಾದ. 1952–53ರ ಒಂದೇ ಋತುವಿನಲ್ಲಿ 72. ಒಂದೇ ಪಂದ್ಯದಲ್ಲಿ 7 ಟ್ರೈ, ಅದೂ ಎರಡು ಸಲ.

796ನ್ನು ಕಣ್ಣಿಗೆ ಕಾಣುವಂತೆ ಮಾಡೋಣ. ಪ್ರತಿ ಟ್ರೈಗೂ ಅವನು ಈ ಗೆರೆಯಿಂದ ಆ ಗೆರೆಯವರೆಗೆ ಪೂರಾ 100 ಮೀಟರ್ ಓಡಿದ ಎಂದುಕೊಳ್ಳಿ. ಹಾಗೆ ಓಡಿರಲು ಸಾಧ್ಯವಿಲ್ಲ, ಇರಲಿ, ಲೆಕ್ಕಕ್ಕೆ ಮಾತ್ರ. 79,600 ಮೀಟರ್ ಆಗುತ್ತದೆ. ಎವರೆಸ್ಟ್ ಶಿಖರದ ಎತ್ತರ 8,848.86 ಮೀಟರ್. ಒಂದರ ಮೇಲೊಂದು ಒಂಬತ್ತು ಎವರೆಸ್ಟ್ ಇಟ್ಟರೆ 79,640. ಬೆವನ್ ಒಂಬತ್ತನೇ ಎವರೆಸ್ಟಿನ ತುದಿಗೆ ಬರೀ 40 ಮೀಟರ್ ಕೆಳಗೆ ನಿಂತಿದ್ದಾನೆ. ಒಂದೇ ಒಂದು ಟ್ರೈ ಹೆಚ್ಚಿಗೆ ಮಾಡಿದ್ದರೆ ದಾಟಿಯೇ ಬಿಡುತ್ತಿದ್ದ! ಇಂಥ ಲೆಕ್ಕ ಹಾಕುವವರಿಗೆ ಆ 797ನೆಯದು ಇಲ್ಲದ್ದೇ ಒಂದು ಕೊರಗು.

ಟ್ರೈ ಓಟವಷ್ಟೇ ಓಟವಲ್ಲವಲ್ಲ. ಚೆಂಡು ಸಿಗದಿದ್ದರೂ ವಿಂಗರ್ ಓಡುತ್ತಲೇ ಇರಬೇಕು. ಇಂದಿನ ಆಟಗಾರರ ಬೆನ್ನಿಗೆ ಕಟ್ಟುವ ಜಿಪಿಎಸ್ ಯಂತ್ರಗಳ ಪ್ರಕಾರ ಅಂಚಿನವರು ಒಂದು ಪಂದ್ಯದಲ್ಲಿ ಓಡುವ, ನಡೆಯುವ ದೂರ ಸುಮಾರು 6 ಕಿಲೋಮೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು. ಅದೇ ದರದಲ್ಲಿ 688 ಪಂದ್ಯಕ್ಕೆ 4,128 ಕಿಲೋಮೀಟರ್. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ 3,214. ಬ್ಯಾಂಡೇಜು ಸುತ್ತಿದ ಆ ಎರಡು ಮಂಡಿಗಳು ಕಾಶ್ಮೀರದಿಂದ ಕನ್ಯಾಕುಮಾರಿಗೆ ಬಂದು, ಸಮುದ್ರಕ್ಕೆ ಇಳಿದು, ಇನ್ನೂ 914 ಕಿಲೋಮೀಟರ್ ಮುಂದೆ ಹೋಗಿವೆ. ಎಲ್ಲವೂ 1 ಎಕರೆ 27 ಗುಂಟೆಯ ಒಳಗೆ.

ಇನ್ನೊಂದು ರೀತಿ ನೋಡಿ. ಕೆಳಗಿನ ದರ್ಜೆಯ ಲೀಗಿನಲ್ಲಿ ವರ್ಷಕ್ಕೆ 20 ಟ್ರೈ ಮಾಡುವ ವಿಂಗರ್ ಎಂದರೆ ಊರಲ್ಲಿ ಹೆಸರಿರುವವನು. ಅವನು ಒಂದು ವರ್ಷವೂ ಗಾಯಗೊಳ್ಳದೆ, ಒಂದು ವರ್ಷವೂ ವೇಗ ತಗ್ಗದೆ ಹಾಗೇ ಮುಂದುವರಿದರೆ 796 ಮುಟ್ಟಲು 40 ವರ್ಷ. ಹದಿನೆಂಟಕ್ಕೆ ಶುರುಮಾಡಿದವನಿಗೆ ಆಗ 58. ನಮ್ಮ ರಾಜ್ಯ ಸರ್ಕಾರಿ ನೌಕರನಾಗಿದ್ದರೆ ನಿವೃತ್ತಿಗೆ ಎರಡು ವರ್ಷ ಬಾಕಿ.

ಇಷ್ಟು ದೊಡ್ಡ ಸಂಖ್ಯೆಗಳ ನಡುವೆ ಒಂದು ಸೊನ್ನೆಯೂ ಇದೆ. 1954ರ ಮೇ 5, ಬ್ರಾಡ್‌ಫರ್ಡ್ ಊರಿನ ಒಡ್ಸಲ್ ಮೈದಾನ. ವೆಂಬ್ಲಿಯಲ್ಲಿ 4–4 ಸಮವಾಗಿದ್ದ ಚಾಲೆಂಜ್ ಕಪ್ ಫೈನಲ್ಲನ್ನು ವಾರಿಂಗ್ಟನ್ ಮತ್ತು ಹ್ಯಾಲಿಫ್ಯಾಕ್ಸ್ ಮತ್ತೆ ಆಡಬೇಕಿತ್ತು. ಬಾಗಿಲಲ್ಲಿ ಲೆಕ್ಕಕ್ಕೆ ಸಿಕ್ಕ ಜನ 1,02,569. ಲೆಕ್ಕಕ್ಕೆ ಸಿಗದೆ ನುಗ್ಗಿದವರು ಇನ್ನೆಷ್ಟೋ ಸಾವಿರ. ಸುಮಾರು 35 ಸಾವಿರ ಹಿಡಿಸುವ ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಹತ್ತಿರ ಮೂರು ಸಲ ತುಂಬುವಷ್ಟು ಜನ, ವಾರದ ನಡುವಿನ ಬುಧವಾರ, ಒಂದೇ ಕಡೆ! ವಾರಿಂಗ್ಟನ್ 8–4ರಿಂದ ಗೆದ್ದಿತು. ಎರಡೂ ತಂಡದ ಅಂಕ ಸೇರಿದರೆ 12, ಒಂದು ಅಂಕಕ್ಕೆ 8,547 ಪ್ರೇಕ್ಷಕರು. ಬಿದ್ದ ಟ್ರೈ ಎರಡೇ, ಒಂದು ಟ್ರೈಗೆ 51,284 ಜನ. ಒಂದು ಚಾಲಿನರ್‌ದು, ಇನ್ನೊಂದು ಹೆಲ್ಮ್‌ದು. ಜಗತ್ತಿನಲ್ಲೇ ಅತಿ ಹೆಚ್ಚು ಟ್ರೈ ಮಾಡಿದವನು ತಾನು ಕಂಡ ಅತಿ ದೊಡ್ಡ ಜನಸಾಗರದ ಮುಂದೆ 80 ನಿಮಿಷ ಓಡಿ ಒಂದನ್ನೂ ಮಾಡಲಿಲ್ಲ. ಜನ ಬಂದದ್ದೇ ಅವನನ್ನು ನೋಡಲು ಎಂದು ನನ್ನ ಗುಮಾನಿ.

ಎರಡನೇ ಸ್ಥಾನದಲ್ಲಿ ಯಾರು? ಬಿಲ್ಲಿ ಬಾಸ್ಟನ್, 571. ಕಾರ್ಡಿಫ್ ಬಂದರಿನ ಟೈಗರ್ ಬೇ ಕೇರಿಯ ಹುಡುಗ, ಹನ್ನೊಂದು ಮಕ್ಕಳ ಮನೆ. 1953ರಲ್ಲಿ ವಿಗನ್ ಕ್ಲಬ್ 3,000 ಪೌಂಡ್ ಕೊಟ್ಟು ಕರೆದುಕೊಂಡಿತು. ವಿಗನ್ನಿಗಾಗಿ ಆಡಿದ 488 ಪಂದ್ಯಗಳಲ್ಲಿ 478 ಟ್ರೈ. ಒಂದು ಟ್ರೈಗೆ ಕ್ಲಬ್ಬಿಗೆ ಬಿದ್ದ ಖರ್ಚು 6 ಪೌಂಡು 5 ಶಿಲಿಂಗ್ 6 ಪೆನ್ಸ್. ಅದೇ ಕ್ಲಬ್ಬು 1992ರಲ್ಲಿ ಒಫಾಯಾಗೆ ತೆತ್ತದ್ದು 4,40,000 ಪೌಂಡ್. ಆ ದುಡ್ಡಿಗೆ 146 ಬಾಸ್ಟನ್ ಬರುತ್ತಿದ್ದರು, ಹನ್ನೊಂದು ತಂಡ ಕಟ್ಟಿ ಮೇಲೆ ಮೂವರು ಉಳಿಯುತ್ತಿದ್ದರು. ಬರೀ ಆರು ಪಂದ್ಯ ಆಡಿದ್ದ ಹುಡುಗನನ್ನು 1954ರ ಆಸ್ಟ್ರೇಲಿಯಾ ಪ್ರವಾಸಕ್ಕೆ ಆರಿಸಿದಾಗ ಹುಬ್ಬೇರಿಸಿದವರಿದ್ದರು. ಅಲ್ಲಿ 18 ಪಂದ್ಯ, 36 ಟ್ರೈ. ಏರಿದ ಹುಬ್ಬು ಇಳಿಯಿತು.

2025ರ ಜೂನ್‌ನಲ್ಲಿ 90 ವರ್ಷದ ಬಾಸ್ಟನ್‌ಗೆ ಬ್ರಿಟನ್ನಿನ ದೊರೆ ನೈಟ್ ಪದವಿ ಕೊಟ್ಟರು. ಇನ್ನು ಮೇಲೆ ಸರ್ ಬಿಲ್ಲಿ, ಆದ್ದರಿಂದ ಬಹುವಚನವೇ ಸರಿ. ಈ ಆಟಕ್ಕೆ ಸಿಕ್ಕ ಮೊದಲ ನೈಟ್ ಅವರು. ಆಟ ಹುಟ್ಟಿ ಅಷ್ಟರಲ್ಲಿ 130 ವರ್ಷ ತುಂಬುತ್ತಿತ್ತು. 1988ರಲ್ಲಿ ರಗ್ಬಿ ಲೀಗಿನ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲಿಗೆ ಸೇರಿಸಿದ್ದು 9 ಹೆಸರು. ಬೆವನ್, ಬಾಸ್ಟನ್, ರೋಸನ್‌ಫೆಲ್ಡ್: ಮೂವರು ಅಂಚಿನವರು. ತಂಡದಲ್ಲಿ 13ಕ್ಕೆ 2 ಪಾಲಿನವರಿಗೆ ಅಲ್ಲಿ ಸಿಕ್ಕದ್ದು 9ಕ್ಕೆ 3.

ಈಗ ಇಳಿಜಾರು. ಅಲ್ಲೂ ಸಂಖ್ಯೆಗಳು ಸಣ್ಣವಲ್ಲ, ದಿಕ್ಕು ಮಾತ್ರ ಬೇರೆ. ವಾರಿಂಗ್ಟನ್ನಿನಿಂದ 1962ರಲ್ಲಿ ಹೊರಬಿದ್ದ ಬೆವನ್ ಮನೆಗೆ ಹೋಗಲಿಲ್ಲ. ಬ್ಲ್ಯಾಕ್‌ಪೂಲ್ ಬರೋ ಎಂಬ ತಂಡಕ್ಕೆ ಹೋದ. ಅದು 1954ರಲ್ಲಿ ಲೀಗ್ ಸೇರಿದ, ಪಟ್ಟಿಯ ತಳದ ಪರಿಚಯ ಚೆನ್ನಾಗಿದ್ದ ಕಡಲತೀರದ ಕ್ಲಬ್ಬು. ಅಲ್ಲಿ 42 ಪಂದ್ಯ, 17 ಟ್ರೈ. ವಾರಿಂಗ್ಟನ್‌ನಲ್ಲಿ ಐದು ಪಂದ್ಯಕ್ಕೆ ಆರು ಟ್ರೈ ಮಾಡುತ್ತಿದ್ದವನು ಇಲ್ಲಿ ಐದಕ್ಕೆ ಎರಡು. ವಯಸ್ಸು ನಲವತ್ತರ ಹೊಸ್ತಿಲಲ್ಲಿ, ಮಂಡಿ ಎಷ್ಟು ಹಳೆಯದೋ ದೇವರೇ ಬಲ್ಲ. ಸುಮಾರು ಐದು ವರ್ಷ ಬಿಟ್ಟು ಬಾಸ್ಟನ್ ಕೂಡ ಅಲ್ಲಿಗೇ ಬಂದು 11 ಪಂದ್ಯ ಆಡಿ 5 ಟ್ರೈ ಮಾಡಿದರು. ಇಬ್ಬರ ಒಟ್ಟು ಗಳಿಕೆ 1,367 ಟ್ರೈ. ಅದರಲ್ಲಿ ಬ್ಲ್ಯಾಕ್‌ಪೂಲಿನ ಪಾಲು 22. ಕೆಳದರ್ಜೆಯ ಕ್ಲಬ್ಬಿಗೆ ಯಾವಾಗಲೂ ಸಿಗುವುದು ಇಂಥ ತಳದ ಗಸಿಯೇ, ಆದರೆ ಎಂಥ ಪಾತ್ರೆಯ ಗಸಿ!

ಆ ಕ್ಲಬ್ಬಿನ ಕಥೆ ಇನ್ನೂ ಇದೆ. 1987ರಿಂದ 1992ರ ಒಳಗೆ ಅದು ಊರು ಬಿಟ್ಟು ಊರಿಗೆ ಅಲೆಯಿತು: ಸ್ಪ್ರಿಂಗ್‌ಫೀಲ್ಡ್ ಬರೋ, ಚೋರ್ಲಿ ಬರೋ, ಟ್ರಾಫರ್ಡ್ ಬರೋ, ಕೊನೆಗೆ ಬ್ಲ್ಯಾಕ್‌ಪೂಲ್ ಗ್ಲ್ಯಾಡಿಯೇಟರ್ಸ್. ಐದು ವರ್ಷದಲ್ಲಿ ನಾಲ್ಕು ಹೊಸ ಹೆಸರು. 1993ರಲ್ಲಿ ಲೀಗ್ ಅದನ್ನು ಹೊರಗೆ ಹಾಕಿತು. 1994ರ ನವೆಂಬರ್ 26ರಂದು ರೀಗಲ್ ಟ್ರೋಫಿಯ ಒಂದು ಪಂದ್ಯಕ್ಕೆ ಹಡರ್ಸ್‌ಫೀಲ್ಡಿಗೆ ಹೋಯಿತು. ಹಡರ್ಸ್‌ಫೀಲ್ಡ್ 142, ಬ್ಲ್ಯಾಕ್‌ಪೂಲ್ 4. ಪ್ರತಿ 34 ಸೆಕೆಂಡಿಗೆ ಒಂದು ಅಂಕ. ಅಬ್ಬಾ, ಇಂಥದು ಮತ್ತೆ ಆಗದು ಎಂದು ಜನ ಮಲಗಿ ಎದ್ದರು. ಮಾರನೇ ದಿನವೇ, ಅದೇ ಟ್ರೋಫಿಯಲ್ಲಿ, ಬ್ಯಾರೋ 138, ನಾಟಿಂಗ್‌ಹ್ಯಾಮ್ ಸಿಟಿ 0! ಎರಡು ದಿನ, ಎರಡು ಪಂದ್ಯ, 280–4.

2018ರ ಏಪ್ರಿಲ್ 29ರಂದು ಅದನ್ನೂ ಮೀರಿಸಿದ್ದಾಯಿತು. ಮೂರನೇ ದರ್ಜೆಯ ಲೀಗಿನಲ್ಲಿ ಯಾರ್ಕ್ ಸಿಟಿ ನೈಟ್ಸ್ 144, ವೆಸ್ಟ್ ವೇಲ್ಸ್ ರೇಡರ್ಸ್ 0. ಈಗ ಟ್ರೈಗೆ 4 ಅಂಕ, ಹಿಂದೆಯೇ ಒದೆಯುವ ಗೋಲಿಗೆ 2. ಪ್ರತಿ ಟ್ರೈಗೂ ಆ 2 ತಪ್ಪದೆ ಸಿಕ್ಕಿತೆಂದರೂ ಕನಿಷ್ಠ 24 ಟ್ರೈ. ಸೋಲುತ್ತಿರುವ ತಂಡದ ವಿಂಗರನ ಜಾಗದಲ್ಲಿ ನಿಂತು ಯೋಚಿಸಿ. ಪ್ರತಿ ಸಲ ಅಂಕ ಬಿಟ್ಟುಕೊಟ್ಟ ಮೇಲೆ ನಡುಗೆರೆಗೆ ನಡೆದು ಹೋಗಬೇಕು, 50 ಮೀಟರ್. ಈ ಆಟದ ನಿಯಮದಲ್ಲಿ ಮತ್ತೆ ಚೆಂಡು ಒದ್ದು ಕೊಡಬೇಕಾದವರೂ ಅಂಕ ಬಿಟ್ಟುಕೊಟ್ಟವರೇ. ಒದ್ದರು, ಎದುರಾಳಿ ಹಿಡಿದ, ಬಂದ, ಟ್ರೈ. ಮತ್ತೆ 50 ಮೀಟರ್. ಇಂಥ 24 ನಡಿಗೆಗೆ 1,200 ಮೀಟರ್, ತಲೆ ತಗ್ಗಿಸಿಕೊಂಡು ನಡೆದದ್ದೇ ಒಂದು ಕಿಲೋಮೀಟರಿಗೂ ಹೆಚ್ಚು. ಆ ಋತುವಿಡೀ ಅವರು ಒಂದೂ ಪಂದ್ಯ ಗೆಲ್ಲಲಿಲ್ಲ. ಆದರೂ ಮುಂದಿನ ವಾರ ಬಂದು ಆಡಿದರು. ನನ್ನನ್ನು ಕೇಳಿದರೆ ಈ ಬರಹದ ಅತಿ ದೊಡ್ಡ ಸಾಹಸ ಇದೇ, ಇದನ್ನು ಅಳೆಯಲು ಎವರೆಸ್ಟ್ ಸಾಲದು.

ಇದೇ ಮೂರನೇ ದರ್ಜೆಯಲ್ಲಿ 2017ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಅದರ ಸಂಖ್ಯೆಗಳ ಮುಂದೆ ಇಷ್ಟು ಹೊತ್ತು ಹೇಳಿದ್ದೆಲ್ಲ ಚಿಲ್ಲರೆ. ಟೊರಾಂಟೊ ವುಲ್ಫ್‌ಪ್ಯಾಕ್ ಎಂಬ ಹೊಸ ತಂಡವೊಂದು ಇಂಗ್ಲೆಂಡಿನ ಈ ಲೀಗಿಗೆ ಸೇರಿತು. ಹೌದು, ಕೆನಡಾದ ಟೊರಾಂಟೊ. ಈ ದರ್ಜೆಯ ಆಟಗಾರರಲ್ಲಿ ಬಹಳ ಮಂದಿ ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ-ಭಾನುವಾರ ಆಡುವವರು. 172 ಕಿಲೋಮೀಟರ್ ಹೆದ್ದಾರಿಯ ಆಟಕ್ಕೆ ಏಕಾಏಕಿ ಅಟ್ಲಾಂಟಿಕ್ ಸಾಗರ ಅಡ್ಡ ಬಂತು. ಬರುವ ತಂಡಗಳ ಪ್ರಯಾಣದ ಖರ್ಚನ್ನು ಟೊರಾಂಟೊ ಕ್ಲಬ್ಬೇ ಹೊತ್ತುಕೊಂಡಿತ್ತು, ಇಲ್ಲದಿದ್ದರೆ ಎಷ್ಟೋ ಕ್ಲಬ್ಬುಗಳು ಒಂದೇ ಪ್ರಯಾಣಕ್ಕೆ ಬಾಗಿಲು ಹಾಕಬೇಕಿತ್ತು.

ಟೊರಾಂಟೊದ ಲ್ಯಾಂಪೋರ್ಟ್ ಸ್ಟೇಡಿಯಂನಲ್ಲಿ ಮೊದಲ ಲೀಗ್ ಪಂದ್ಯ ನಡೆದದ್ದು ಮೇ 6, ಶನಿವಾರ. ಎದುರಾಳಿ ಆಕ್ಸ್‌ಫರ್ಡ್. ನೋಡಲು ಬಂದವರು 6,281. ಇಂಗ್ಲೆಂಡಿನಲ್ಲಿ ಈ ದರ್ಜೆಯ ಪಂದ್ಯಕ್ಕೆ ಸಾವಿರ ಜನ ಸೇರಿದರೆ ಅದೇ ಜಾತ್ರೆ. ಟೊರಾಂಟೊ 62–12ರಿಂದ ಗೆದ್ದಿತು. ಲಂಡನ್ನಿನಿಂದ ಟೊರಾಂಟೊಗೆ ವಿಮಾನದಲ್ಲಿ ಸುಮಾರು 5,700 ಕಿಲೋಮೀಟರ್, ಹೋಗಿ ಬರಲು 11,400. ಆ ಹೆದ್ದಾರಿ 66 ಸಲ. ಆಟ 80 ನಿಮಿಷ. ಮೈದಾನದಲ್ಲಿ ಕಳೆದ ಒಂದೊಂದು ನಿಮಿಷಕ್ಕೂ 142 ಕಿಲೋಮೀಟರ್ ಪ್ರಯಾಣ, ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟು. ಆಕ್ಸ್‌ಫರ್ಡ್ ಗಳಿಸಿದ 12 ಅಂಕದಲ್ಲಿ ಒಂದೊಂದಕ್ಕೂ 950. ವಿಂಗರನ ಕೈಗೆ ಆ ದಿನ ಹತ್ತು ಸಲ ಚೆಂಡು ಬಂತೆಂದು ಇಟ್ಟುಕೊಳ್ಳಿ, ಒಂದು ಸಲ ಚೆಂಡು ಮುಟ್ಟಲು 1,140 ಕಿಲೋಮೀಟರ್. ಮುಂಬೈಗೆ ಹೋಗಿ ಚೆಂಡು ಮುಟ್ಟಿ ಬೀಳುವುದು, ಎದ್ದು ಇನ್ನೊಂದು ಮುಂಬೈ.

ಇದು ಒಬ್ಬನ ಲೆಕ್ಕ. ಒಂದು ತಂಡದಲ್ಲಿ ಬದಲಿ ಆಟಗಾರರೂ ಸೇರಿ 17 ಮಂದಿ. ತರಬೇತುದಾರ, ಮಾಲೀಸು ಮಾಡುವವನು ಯಾರನ್ನೂ ಹಿಡಿಯದೆ, ಬರೀ ಆಡುವವರನ್ನೇ ಲೆಕ್ಕ ಹಾಕಿದರೂ 17 ಗುಣಿಸು 11,400, ಒಟ್ಟು 1,93,800 ಕಿಲೋಮೀಟರ್. ಚಂದ್ರ ಇಲ್ಲಿಂದ ಸರಾಸರಿ 3,84,400 ಕಿಲೋಮೀಟರ್ ದೂರ. ಹನ್ನೆರಡು ಅಂಕಕ್ಕಾಗಿ ಆಕ್ಸ್‌ಫರ್ಡಿನ ಹುಡುಗರು ಕೂಡಿ ಸವೆಸಿದ್ದು ಚಂದ್ರನ ದಾರಿಯ ಅರ್ಧಕ್ಕೂ ಹೆಚ್ಚು! ಇಂಥ ಇನ್ನೊಂದು ತಂಡ ಬಂದು ಸೋತು ಹೋದರೆ ಚಂದ್ರನನ್ನು ಮುಟ್ಟಿ, ಮೇಲೆ 3,200 ಕಿಲೋಮೀಟರ್ ಉಳಿಯುತ್ತದೆ. ತಂಡಗಳು ಬಂದವು, ಸೋತವು, ಒಂದರ ಹಿಂದೊಂದು, ಆ ಬೇಸಿಗೆಯುದ್ದಕ್ಕೂ.